ನೋಟರಿ ಸೀಲು ದುರುಪಯೋಗವಾದರೆ ವಕೀಲರ ಮೇಲೆ ಯಾವ ಕ್ರಮ? ಪದೇ ಪದೇ ಕೇಳುವ ಪ್ರಶ್ನೆಗಳು

ತಾಲೂಕು ಕೋರ್ಟಿನಲ್ಲಿ ವಕೀಲಿ ಮಾಡುತ್ತಾ ಇಪ್ಪತ್ತು ವರ್ಷ ದಾಟಿದೆ. ಆಸ್ತಿ ವ್ಯಾಜ್ಯದ ಕಡತ ಬಿಚ್ಚಿದರೆ ಒಳಗೆ ನೋಟರಿ ಸೀಲು ಬಿದ್ದ ಒಂದಾದರೂ ಕಾಗದ ಇದ್ದೇ ಇರುತ್ತದೆ. ಆ ಕಾಗದಕ್ಕೆ ಸಹಿ ಹಾಕಿದ್ದಾರೆ ಎನ್ನಲಾದ ಎಷ್ಟೋ ಜನ ಆ ನೋಟರಿಯ ಮುಖವನ್ನೇ ಕಂಡಿರುವುದಿಲ್ಲ. ಮೋಸ ಹೋದವರು ಅಣ್ಣನ ಮೇಲೋ ದಲ್ಲಾಳಿಯ ಮೇಲೋ ಕೇಸು ಹಾಕುತ್ತಾರೆ. ಸೀಲು ಒತ್ತಿದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಬಹುದು, ಅದಕ್ಕೆ ದಾರಿಗಳಿವೆ ಎಂದು ತಿಳಿಸಲು ಇದನ್ನು ಬರೆದಿದ್ದೇನೆ. ಜನ ನನ್ನ ಬಳಿ ಬಂದು ಕೇಳುವ ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ.

ನೋಟರಿ ಸೀಲು ಬಿದ್ದರೆ ಆ ಕಾಗದದಲ್ಲಿರುವುದೆಲ್ಲ ನಿಜ ಎಂದು ಅರ್ಥವೇ?

ಅಲ್ಲ. ಸೀಲು ಹೇಳುವುದು ಬಹಳ ಕಡಿಮೆ. ಈ ದಿನ, ಈ ವ್ಯಕ್ತಿ ನನ್ನ ಮುಂದೆ ಬಂದರು, ಇವರು ಯಾರೆಂದು ನಾನು ಖಚಿತ ಮಾಡಿಕೊಂಡೆ, ನನ್ನ ಕಣ್ಣೆದುರು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರು. ಅಷ್ಟೇ. ಜಮೀನು ಯಾರದು, ಸಾಲ ತೀರಿದೆಯೋ ಇಲ್ಲವೋ, ವಂಶವೃಕ್ಷದಲ್ಲಿ ಹೆಸರು ಬಿಟ್ಟಿದ್ದಾರೋ ಎಂಬುದನ್ನೆಲ್ಲ ನೋಟರಿ ತನಿಖೆ ಮಾಡಿರುವುದಿಲ್ಲ. ಅದು ಅವರ ಕೆಲಸವೂ ಅಲ್ಲ.

ಆದರೆ ಆ ಕಡಿಮೆ ಮಾತಿಗೆ ಕಾನೂನು ಕೊಡುವ ತೂಕ ದೊಡ್ಡದು. ಅಧಿಕಾರ ಪತ್ರವೊಂದನ್ನು, ಅಂದರೆ ನಾವು ಜಿಪಿಎ ಎನ್ನುವುದನ್ನು, ನೋಟರಿಯ ಮುಂದೆ ಬರೆದುಕೊಟ್ಟು ಅವರು ದೃಢೀಕರಿಸಿದ್ದರೆ ಅದು ಸರಿಯಾಗಿಯೇ ಆಗಿದೆ ಎಂದು ನ್ಯಾಯಾಲಯ ಮೊದಲಿಗೆ ಭಾವಿಸಬೇಕು. ಹಳೆಯ ಸಾಕ್ಷ್ಯ ಅಧಿನಿಯಮದ 85ನೇ ಸೆಕ್ಷನ್ ಹೇಳುತ್ತಿದ್ದುದು ಇದನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 84ನೇ ಸೆಕ್ಷನ್ನಿನಲ್ಲೂ ಅದೇ ಇದೆ. ಅದು ಸುಳ್ಳು ಎಂದು ತೋರಿಸುವ ಹೊರೆ ಮೋಸ ಹೋದವರ ತಲೆಯ ಮೇಲೆ ಬೀಳುತ್ತದೆ. ಬಾರದವರನ್ನು ಬಂದರು ಎಂದು ಬರೆದ ನೋಟರಿ ಮಾಡುವ ಅನ್ಯಾಯ ಎಷ್ಟು ದೊಡ್ಡದು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಎಲ್ಲ ವಕೀಲರೂ ನೋಟರಿ ಮಾಡಬಹುದೇ?

ಇಲ್ಲ. 1952ರ ನೋಟರಿ ಕಾಯ್ದೆ 1956ರ ಫೆಬ್ರವರಿ 14ರಂದು ಜಾರಿಗೆ ಬಂತು, ಅದೇ ವರ್ಷ ನೋಟರಿ ನಿಯಮಗಳೂ ಬಂದವು. ಅವುಗಳ ಪ್ರಕಾರ ಕನಿಷ್ಠ 10 ವರ್ಷ ವಕೀಲಿ ಮಾಡಿದವರು ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಮತ್ತು ಮಹಿಳೆಯರಿಗೆ 7 ವರ್ಷ ಸಾಕು. ನೇಮಕ ಮಾಡುವುದು ರಾಜ್ಯ ಸರ್ಕಾರ ಅಥವಾ ಕೇಂದ್ರ ಸರ್ಕಾರ. ಪ್ರಮಾಣಪತ್ರದ ಅವಧಿ 5 ವರ್ಷ, ಆಮೇಲೆ ನವೀಕರಿಸಬೇಕು. ಕೆಲಸ ಮಾಡಬಹುದಾದ ಪ್ರದೇಶವನ್ನೂ ಗೊತ್ತುಪಡಿಸಿರುತ್ತಾರೆ.

ನೋಟರಿ ಅಲ್ಲದವರು ನೋಟರಿ ಎಂದು ಹೇಳಿಕೊಂಡರೆ, ಅಥವಾ ಪ್ರಮಾಣಪತ್ರವಿಲ್ಲದೆ ಆ ಕೆಲಸ ಮಾಡಿದರೆ, ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಮೊದಲು ಇದು ಮೂರು ತಿಂಗಳಿತ್ತು, 1999ರ ತಿದ್ದುಪಡಿಯಲ್ಲಿ ಹೆಚ್ಚಿಸಿದರು.

ಯಾವುದನ್ನು ದುರ್ನಡತೆ ಎನ್ನಬಹುದು? ಸಣ್ಣಪುಟ್ಟ ತಪ್ಪು ಎಲ್ಲರೂ ಮಾಡುತ್ತಾರಲ್ಲ.

ತಾರೀಕಿನ ಅಂಕಿ ತಪ್ಪಿದ್ದು, ಊರಿನ ಹೆಸರಿನ ಒತ್ತಕ್ಷರ ಬಿಟ್ಟುಹೋದದ್ದು ದುರ್ನಡತೆಯಲ್ಲ. ತಿದ್ದಬಹುದಾದ ತಪ್ಪಿಗೆ ಒಬ್ಬರ ಹೊಟ್ಟೆಪಾಡಿನ ಮೇಲೆ ಹೊಡೆಯುವುದು ಸರಿಯಲ್ಲ. ನಾನು ಹೇಳುತ್ತಿರುವುದು ಬೇರೆ ಜಾತಿಯ ತಪ್ಪುಗಳನ್ನು. ಸಹಿ ಮಾಡುವವರು ಬಾರದೆ ಇದ್ದರೂ ಬಂದರೆಂದು ಬರೆಯುವುದು. ಖಾಲಿ ಹಾಳೆಗಳಿಗೆ ಮೊದಲೇ ಸೀಲು ಒತ್ತಿ, ಸಹಿ ಹಾಕಿ ಗುಮಾಸ್ತರ ಕೈಗೋ ಪಕ್ಕದ ಟೈಪಿಂಗ್ ಅಂಗಡಿಗೋ ಕೊಟ್ಟಿಡುವುದು. ಹಿಂದಿನ ತಾರೀಕು ಹಾಕುವುದು. ಮೂಲ ದಾಖಲೆ ನೋಡದೆ ಜೆರಾಕ್ಸ್ ಪ್ರತಿಗೆ ‘ಮೂಲದಂತೆ ಇದೆ’ ಎಂದು ದೃಢೀಕರಿಸುವುದು. ಪ್ರಮಾಣಪತ್ರದ ಅವಧಿ ಮುಗಿದ ಮೇಲೂ ಸೀಲು ಒತ್ತುತ್ತಾ ಹೋಗುವುದು. ರಿಜಿಸ್ಟರ್ ಬರೆಯದೇ ಇರುವುದು.

ಈ ಕೊನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನೋಟರಿ ಪ್ರತಿಯೊಂದು ಕೆಲಸವನ್ನೂ ತಮ್ಮ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಹಾಕಿ ಬರೆಯಬೇಕು, ಸಂಬಂಧಪಟ್ಟವರ ಸಹಿ ಪಡೆಯಬೇಕು. ಪುಸ್ತಕ ಬಳಕೆಗೆ ತೆಗೆಯುವ ಮುನ್ನ ಅದರಲ್ಲಿ ಎಷ್ಟು ಪುಟಗಳಿವೆ ಎಂದು ಮೊದಲ ಪುಟದಲ್ಲೇ ಬರೆದು ಸಹಿ ಮಾಡಬೇಕು. ಜಿಲ್ಲಾ ನ್ಯಾಯಾಧೀಶರು ಅಥವಾ ಸರ್ಕಾರ ನೇಮಿಸಿದ ಅಧಿಕಾರಿ ವರ್ಷಕ್ಕೆ ಎರಡು ಸಲದವರೆಗೆ ಅದನ್ನು ತಪಾಸಣೆ ಮಾಡಬಹುದು. ಹಿಂದಿನ ವರ್ಷ ಮಾಡಿದ ಕೆಲಸಗಳ ಲೆಕ್ಕವನ್ನು ಪ್ರತಿ ಜನವರಿಯ ಮೊದಲ ವಾರ ಸರ್ಕಾರಕ್ಕೆ ಕಳುಹಿಸಬೇಕು. ಪುಟ ಹರಿದು ಸೇರಿಸಬಾರದು, ಹಿಂದಿನ ತಾರೀಕಿನಲ್ಲಿ ನುಸುಳಿಸಬಾರದು ಎಂದೇ ಇಷ್ಟೆಲ್ಲ ಕಟ್ಟುಪಾಡು.

ನನ್ನದೇ ಒಂದು ಪ್ರಕರಣ ಹೇಳುತ್ತೇನೆ. ಒಬ್ಬ ಅಜ್ಜಿ ಬಂದಿದ್ದರು. ಪಿಂಚಣಿಗೆ ಬೇಕು ಎಂದು ಅವರ ತಮ್ಮನೇ ಮನೆಗೆ ಕಾಗದ ತಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ತವರಿನ ಜಮೀನಿನಲ್ಲಿ ನನಗೆ ಪಾಲು ಬೇಡ, ಖಾತೆ ತಮ್ಮನ ಹೆಸರಿಗೆ ಆಗಲಿ ಎಂಬ ಅಫಿಡವಿಟ್ ಅದು ಎಂದು ಅವರಿಗೆ ತಿಳಿದದ್ದು ನಾಲ್ಕು ವರ್ಷದ ಮೇಲೆ. ನೋಟರಿ ಸೀಲಿನ ತಾರೀಕಿನಂದು ಅಜ್ಜಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಯಲ್ಲಿದ್ದರು. ಕೋರ್ಟಿಗೆ ರಿಜಿಸ್ಟರ್ ತರಿಸಿದೆವು. ಅದರಲ್ಲಿ ಅಜ್ಜಿಯ ಹೆಸರಿನ ಮುಂದೆ ಗುಂಡಗಿನ ಅಕ್ಷರದಲ್ಲಿ ಚೆಂದದ ಸಹಿ ಇತ್ತು. ಅಜ್ಜಿಗೆ ಅಕ್ಷರವೇ ಬರುವುದಿಲ್ಲ. ದಾವೆ ಗೆದ್ದೆವು. ಆದರೆ ಆ ನೋಟರಿಯ ಮೇಲೆ ದೂರು ಕೊಡಿಸಲಿಲ್ಲ. ಅದೇ ಕೋರ್ಟಿನಲ್ಲಿ ದಿನಾ ಮುಖ ನೋಡುವವರು ಎಂಬ ದಾಕ್ಷಿಣ್ಯ. ಆ ದಾಕ್ಷಿಣ್ಯ ತಪ್ಪಾಗಿತ್ತು. ಆಮೇಲೆ ಅದೇ ಸೀಲು ಇನ್ನೆಷ್ಟು ಮನೆಗಳ ಕಾಗದದ ಮೇಲೆ ಬಿತ್ತೋ ಎಂಬ ಚಿಂತೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಓದು ಬಾರದವರ ವಿಷಯದಲ್ಲಿ ನೋಟರಿ ಇನ್ನೇನು ಮಾಡಬೇಕು?

ಕಾಗದದಲ್ಲಿ ಏನಿದೆ ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ಅರ್ಥವಾಯಿತೇ ಎಂದು ಕೇಳಿ, ಹಾಗೆ ಮಾಡಿದ್ದೇನೆ ಎಂದು ಬರೆಯಬೇಕು. ಅದಿಲ್ಲದೆ ಅವರಿಂದ ಪ್ರಮಾಣ ಮಾಡಿಸಿದೆ ಎನ್ನುವುದಕ್ಕೆ ಅರ್ಥವಿಲ್ಲ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕಾಗದಕ್ಕೆ ಕನ್ನಡ ಮಾತ್ರ ಬಲ್ಲವರ ಸಹಿ ಪಡೆಯುವಾಗಲೂ ಇದೇ ಎಚ್ಚರ ಬೇಕು. ‘ಓದಿ ಹೇಳಿ ಅರ್ಥಮಾಡಿಸಲಾಗಿದೆ’ ಎಂಬ ಸಾಲನ್ನು ಟೈಪಿಸ್ಟ್ ಎಲ್ಲ ಕಾಗದಕ್ಕೂ ರೂಢಿಯಂತೆ ಹಾಕುತ್ತಾನೆ. ಅದರ ಕೆಳಗೆ ಸಹಿ ಹಾಕುವವರು ನಿಜವಾಗಿ ಓದಿ ಹೇಳಿದರೇ ಎಂಬುದೇ ಪ್ರಶ್ನೆ.

‘ಇವರು ನನಗೆ ಗೊತ್ತು’ ಎಂದು ಗುರುತಿಸಿದ ವಕೀಲರಿಗೂ ಹೊಣೆ ಉಂಟೇ?

ಖಂಡಿತ ಉಂಟು. ನೋಟರಿಗೆ ಎದುರಿಗಿರುವವರು ಪರಿಚಯವಿಲ್ಲದಿದ್ದಾಗ ವಕೀಲರೊಬ್ಬರು ಗುರುತಿಸಿ ಸಹಿ ಹಾಕುವ ರೂಢಿ ಇದೆ. ನೋಟರಿ ಆ ಮಾತನ್ನು ನಂಬಿ ಮುಂದುವರಿಯುತ್ತಾರೆ. ಒಮ್ಮೆಯೂ ನೋಡದವರನ್ನು ‘ನನಗೆ ಗೊತ್ತು’ ಎಂದು ಬರೆದುಕೊಟ್ಟವರು ನೋಟರಿ ಅಲ್ಲದೇ ಇದ್ದರೂ ವಕೀಲರ ಶಿಸ್ತನ್ನು ನೋಡಿಕೊಳ್ಳುವ ವಕೀಲರ ಪರಿಷತ್ತಿಗೆ ಉತ್ತರ ಹೇಳಬೇಕಾಗುತ್ತದೆ. ಕಿರಿಯ ವಕೀಲರು ಈ ಸಾಲಿಗೆ ಕಣ್ಣುಮುಚ್ಚಿ ಸಹಿ ಹಾಕುವುದನ್ನು ಕಂಡಾಗ ನನಗೆ ಭಯವಾಗುತ್ತದೆ. ಆಧಾರ್ ಕಾರ್ಡು ಇದೆಯಲ್ಲ ಎನ್ನುತ್ತಾರೆ. ಕಾರ್ಡಿನ ಪ್ರತಿ ಯಾರ ಬಳಿ ಬೇಕಾದರೂ ಇರಬಹುದು. ಕಾರ್ಡಿನಲ್ಲಿರುವ ಮುಖ, ಎದುರು ಕೂತಿರುವ ಮುಖ ಎರಡನ್ನೂ ನೋಡಿದ ಮೇಲೆ ಸಹಿ.

ದೂರು ಎಲ್ಲಿ ಕೊಡಬೇಕು?

ಎರಡು ಬಾಗಿಲುಗಳಿವೆ, ಎರಡನ್ನೂ ತಟ್ಟಬಹುದು. ನೋಟರಿ ಎಂಬ ನೇಮಕದ ಮೇಲಿನ ಕ್ರಮಕ್ಕೆ ನೇಮಕ ಮಾಡಿದ ಸರ್ಕಾರದ ಬಳಿ ಹೋಗಬೇಕು. ಸೀಲಿನಲ್ಲಿ ಕರ್ನಾಟಕ ಸರ್ಕಾರ ಎಂದಿದ್ದರೆ ರಾಜ್ಯದ ಕಾನೂನು ಇಲಾಖೆ, ಭಾರತ ಸರ್ಕಾರ ಎಂದಿದ್ದರೆ ದೆಹಲಿಯ ಕೇಂದ್ರ ಕಾನೂನು ಸಚಿವಾಲಯದ ಕಾನೂನು ವ್ಯವಹಾರಗಳ ಇಲಾಖೆ. ವಕೀಲರು ಎಂಬ ಸನ್ನದಿನ, ಅಂದರೆ ವಕೀಲಿ ಮಾಡಲು ಸಿಕ್ಕ ಅನುಮತಿಯ, ಮೇಲಿನ ಕ್ರಮಕ್ಕೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಹೋಗಬೇಕು.

ಒಂದು ಕಡೆ ನೋಟರಿ ಪ್ರಮಾಣಪತ್ರ ಹೋದರೆ ಇನ್ನೊಂದು ಕಡೆ ವಕೀಲಿಯ ಸನ್ನದು ತಾನಾಗಿ ಹೋಗುವುದಿಲ್ಲ. ಒಂದೇ ದೂರು ಬರೆದು ಎರಡೂ ಕಡೆ ನಡೆಯುತ್ತದೆ ಎಂದು ಕಾಯುತ್ತಾ ಕೂತವರು ಇದ್ದಾರೆ. ಹಾಗೆ ಕಾಯಬೇಡಿ.

ಸರ್ಕಾರಕ್ಕೆ ಕೊಟ್ಟ ದೂರು ಹೇಗೆ ನಡೆಯುತ್ತದೆ?

ನೋಟರಿ ನಿಯಮಗಳ 13ನೇ ನಿಯಮ ಇದರ ಕ್ರಮ ಹೇಳುತ್ತದೆ. ದೂರು 13ನೇ ನಮೂನೆಯಲ್ಲಿರಬೇಕು. ನೋಟರಿ ಏನು ಮಾಡಿದರು, ಏನು ಮಾಡಬೇಕಿದ್ದದ್ದನ್ನು ಬಿಟ್ಟರು, ಅದಕ್ಕೆ ಯಾವ ಸಾಕ್ಷಿ, ಯಾವ ದಾಖಲೆ ಇದೆ ಎಂಬುದನ್ನು ಅದರಲ್ಲಿ ಹೇಳಬೇಕು. ನಮೂನೆ ಸರಿಯಿಲ್ಲದಿದ್ದರೆ ವಾಪಸ್ ಬರುತ್ತದೆ. ನಾನು ಕಂಡಂತೆ ಎಷ್ಟೋ ದೂರುಗಳು ಇಲ್ಲೇ ಸೋಲುತ್ತವೆ: ಐದು ಪುಟ ಸಂಕಟ ತೋಡಿಕೊಂಡು, ಯಾವ ದಿನ, ಯಾವ ಕಾಗದ, ಯಾವ ಕ್ರಮಸಂಖ್ಯೆ ಎಂಬುದನ್ನೇ ಬರೆದಿರುವುದಿಲ್ಲ.

ದೂರಿನ ಪ್ರತಿ ನೋಟರಿಗೆ ಹೋಗುತ್ತದೆ, ಅವರು 14 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಆಮೇಲೆ ಸಕ್ಷಮ ಪ್ರಾಧಿಕಾರ ವಿಚಾರಣೆ ನಡೆಸಿ ಸರ್ಕಾರಕ್ಕೆ ವರದಿ ಕೊಡುತ್ತದೆ. ತಪ್ಪು ಸಾಬೀತಾದರೆ ಸರ್ಕಾರದ ಕೈಯಲ್ಲಿ ಮೂರು ಆಯ್ಕೆ: ಪ್ರಮಾಣಪತ್ರ ರದ್ದು ಮಾಡಿ ಇನ್ನೆಂದೂ ನೋಟರಿ ಕೆಲಸ ಮಾಡದಂತೆ ನಿರ್ಬಂಧಿಸುವುದು, ಕೆಲವು ಕಾಲ ಅಮಾನತು ಮಾಡುವುದು, ಎಚ್ಚರಿಕೆ ಕೊಟ್ಟು ಬಿಡುವುದು. ದುರ್ನಡತೆಯಿಂದ ಅನರ್ಹರೆಂದು ಕಂಡವರ ಹೆಸರನ್ನು ನೋಟರಿಗಳ ಪಟ್ಟಿಯಿಂದ ತೆಗೆಯುವ ಅಧಿಕಾರ ಕಾಯ್ದೆಯ 10ನೇ ಸೆಕ್ಷನ್ನಿನಲ್ಲಿದೆ. ದೂರು ಬಾರದಿದ್ದರೂ ಸರ್ಕಾರ ತಾನಾಗಿ ವಿಚಾರಣೆ ಆರಂಭಿಸಬಹುದು.

ವಕೀಲರ ಪರಿಷತ್ತಿನಲ್ಲಿ?

ಅಲ್ಲಿ ನಡೆಯುವುದು 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ. ನೀವು ಆ ವಕೀಲರ ಕಕ್ಷಿದಾರರೇ ಆಗಿರಬೇಕಿಲ್ಲ. ಅವರ ಸೀಲಿನಿಂದ ನಿಮಗೆ ಅನ್ಯಾಯವಾಗಿದ್ದರೆ ದೂರಬಹುದು. ಪರಿಷತ್ತು ಮೊದಲು ದೂರಿನಲ್ಲಿ ಹುರುಳಿದೆಯೇ ಎಂದು ನೋಡುತ್ತದೆ. ಇದೆ ಎಂದು ಕಂಡರೆ ಮೂವರು ಸದಸ್ಯರ ಶಿಸ್ತು ಸಮಿತಿಗೆ ಒಪ್ಪಿಸುತ್ತದೆ. ಸಮಿತಿ ವಕೀಲರಿಗೂ ರಾಜ್ಯದ ಅಡ್ವೊಕೇಟ್ ಜನರಲ್ ಅವರಿಗೂ ನೋಟಿಸ್ ಕೊಟ್ಟು ವಿಚಾರಣೆ ಮಾಡುತ್ತದೆ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಸಿವಿಲ್ ನ್ಯಾಯಾಲಯಕ್ಕಿರುವ ಅಧಿಕಾರ ಅದಕ್ಕೂ ಇದೆ, ಆದ್ದರಿಂದ ನೋಟರಿ ರಿಜಿಸ್ಟರನ್ನು ತರಿಸಿ ಎಂದು ನೀವು ಕೇಳಿಕೊಳ್ಳಬಹುದು.

ಕೊನೆಗೆ ದೂರು ವಜಾ ಆಗಬಹುದು, ವಾಗ್ದಂಡನೆ ಆಗಬಹುದು, ವಕೀಲಿಯಿಂದ ಕೆಲವು ಕಾಲ ಅಮಾನತು ಆಗಬಹುದು, ಇಲ್ಲವೇ ವಕೀಲರ ಪಟ್ಟಿಯಿಂದ ಹೆಸರೇ ಹೋಗಬಹುದು. ಅಮಾನತಾದವರು ಆ ಅವಧಿಯಲ್ಲಿ ದೇಶದ ಯಾವ ನ್ಯಾಯಾಲಯದಲ್ಲೂ, ಯಾವ ಪ್ರಾಧಿಕಾರದ ಮುಂದೆಯೂ ವಕೀಲಿ ಮಾಡುವಂತಿಲ್ಲ. ಆದೇಶದಿಂದ ನೊಂದವರು 60 ದಿನದೊಳಗೆ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗಬಹುದು.

ರಾಜ್ಯ ಪರಿಷತ್ತಿನ ಶಿಸ್ತು ಸಮಿತಿ ದೂರು ಬಂದ ಒಂದು ವರ್ಷದೊಳಗೆ ತೀರ್ಮಾನಿಸಬೇಕು, ಇಲ್ಲದಿದ್ದರೆ ವಿಷಯ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಈ ಗಡುವನ್ನು ಪಾಲಿಸುವಂತೆ 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒತ್ತಿ ಹೇಳಿದೆ. ತಾರೀಕುಗಳನ್ನು ಬರೆದಿಟ್ಟುಕೊಳ್ಳಿ, ವರ್ಷ ತುಂಬುತ್ತಿದೆ ಎಂದು ನೆನಪಿಸಿ ಪತ್ರ ಕೊಡಿ.

ನೋಟರಿ ಕೆಲಸದಲ್ಲಿ ಮಾಡಿದ ತಪ್ಪಿಗೆ ವಕೀಲಿಯ ಮೇಲೆ ಕ್ರಮ ಹೇಗೆ? ಅವೆರಡೂ ಬೇರೆ ಎನ್ನುತ್ತಾರಲ್ಲ.

ಈ ವಾದವನ್ನು ನಾನೂ ಕೇಳಿದ್ದೇನೆ, ಒಪ್ಪುವುದಿಲ್ಲ. ವಕೀಲರ ಕಾಯ್ದೆಯಲ್ಲಿರುವ ಮಾತು ‘ವೃತ್ತಿಪರ ಅಥವಾ ಇತರ ದುರ್ನಡತೆ’. ‘ಇತರ’ ಎಂಬ ಆ ಒಂದು ಪದ ಕೋರ್ಟಿನ ಗೋಡೆಯ ಆಚೆಗೂ ಚಾಚುತ್ತದೆ. ಚಾಕುವಿನಿಂದ ಹಲ್ಲೆ ಮಾಡಿ ಶಿಕ್ಷೆಗೊಳಗಾಗಿದ್ದ ಉತ್ತರ ಪ್ರದೇಶದ ಒಬ್ಬ ವಕೀಲರ ಹೆಸರನ್ನು 1997ರಲ್ಲಿ ಸುಪ್ರೀಂ ಕೋರ್ಟ್ ವಕೀಲರ ಪಟ್ಟಿಯಿಂದಲೇ ತೆಗೆಸಿತು. ಅದು ಯಾವ ಕಕ್ಷಿದಾರರ ಕೆಲಸಕ್ಕೂ ಸಂಬಂಧಿಸಿದ ತಪ್ಪಾಗಿರಲಿಲ್ಲ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 1984ರ ತೀರ್ಪು. ಅಫಿಡವಿಟ್ ದೃಢೀಕರಿಸುವ ಅಧಿಕಾರ ಪಡೆದಿದ್ದ ವಕೀಲರೊಬ್ಬರು, ಪ್ರಮಾಣ ಮಾಡಬೇಕಾದ ವ್ಯಕ್ತಿ ಎದುರಿಗೆ ಇಲ್ಲದೆಯೇ ಅವರ ಹೆಸರಿನ ಅಫಿಡವಿಟ್ಟನ್ನು ದೃಢೀಕರಿಸಿದ್ದರು. ಅದರ ಮೇಲಿದ್ದ ಸಹಿ ಖೋಟಾ. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವರಿಗೆ ಐದು ವರ್ಷ, ಅಂದರೆ 1989ರ ಅಕ್ಟೋಬರ್ 31ರವರೆಗೆ, ವಕೀಲಿಯಿಂದ ಅಮಾನತು. ದೃಢೀಕರಿಸುವವರು ಪ್ರಮಾಣ ಮಾಡುವವರನ್ನು ಕಾಣದೆ ಸಹಿ ಹಾಕುವುದಾದರೆ ಅಫಿಡವಿಟ್ ಎಂಬುದಕ್ಕೆ ಇರುವ ಪಾವಿತ್ರ್ಯವೇ ಉಳಿಯುವುದಿಲ್ಲ ಎಂಬ ನೆಲೆಯಲ್ಲಿ ನ್ಯಾಯಾಲಯ ಅದನ್ನು ನೋಡಿತು. ‘ಒಂದು ಸೀಲು ತಾನೇ’ ಎನ್ನುವವರಿಗೆ ನಾನು ತೋರಿಸುವುದು ಈ ತೀರ್ಪನ್ನು.

ನೇರವಾಗಿ ಪೊಲೀಸರಿಗೆ ದೂರು ಕೊಟ್ಟರೆ ಆಗದೇ?

ಖೋಟಾ ಸಹಿ ಮಾಡಿದವರು, ಬೇರೆಯವರ ಸೋಗಿನಲ್ಲಿ ಬಂದವರು, ಆ ಕಾಗದವನ್ನು ಬಳಸಿ ಲಾಭ ಮಾಡಿಕೊಂಡವರು ಇವರೆಲ್ಲರ ಮೇಲೆ ಪೊಲೀಸ್ ದೂರು ಕೊಡಬಹುದು, ಕೊಡಬೇಕು. ನೋಟರಿಯ ಮೇಲೆ ಮಾತ್ರ ಒಂದು ತಡೆ ಇದೆ. ನೋಟರಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ನೋಟರಿ ತನ್ನ ಕೆಲಸದ ಭಾಗವಾಗಿ ಮಾಡಿದ, ಅಥವಾ ಕೆಲಸದ ಹೆಸರಿನಲ್ಲಿ ಮಾಡಿದ ಅಪರಾಧವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ದೂರು ಬೇಕು. ಅದಿಲ್ಲ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ನೋಟರಿಗಳ ಮೇಲಿನ ಕ್ರಿಮಿನಲ್ ಪ್ರಕರಣವನ್ನು ರದ್ದು ಮಾಡಿದ್ದುಂಟು. ವರ್ಷಗಟ್ಟಲೆ ಓಡಾಡಿ, ಆಮೇಲೆ ಇದೊಂದರಿಂದ ಕೇಸು ಬಿದ್ದುಹೋಗುವುದನ್ನು ನೋಡುವುದು ಕಷ್ಟ. ಅದಕ್ಕೇ ಸರ್ಕಾರಕ್ಕೆ ಕೊಡುವ ದೂರಿನಲ್ಲೇ ಈ ಸೆಕ್ಷನ್ ಅಡಿ ಅಧಿಕಾರಿಯಿಂದ ದೂರು ಕೊಡಿಸಿ ಎಂದೂ ಕೇಳಿ.

ಪ್ರಾಮಾಣಿಕ ನೋಟರಿಯನ್ನು ಸೋತ ಕಕ್ಷಿಗಾರರ ಸೇಡಿನಿಂದ ಕಾಪಾಡಲು ಈ ತಡೆ ಬೇಕು, ಅದನ್ನು ಒಪ್ಪುತ್ತೇನೆ. ಶಿಸ್ತು ಕ್ರಮಕ್ಕೆ ಈ ತಡೆ ಅಡ್ಡ ಬರುವುದಿಲ್ಲ.

ನಾನು ಅಮೆರಿಕದಲ್ಲಿದ್ದೇನೆ. ಸಹಿ ಮಾಡಿ ಸ್ಕ್ಯಾನ್ ಕಳಿಸು, ಇಲ್ಲೇ ನೋಟರಿ ಮಾಡಿಸುತ್ತೇನೆ ಎಂದು ಭಾವ ಹೇಳುತ್ತಿದ್ದಾರೆ. ಸರಿಯೇ?

ಸರಿಯಲ್ಲ. ನೀವು ಡಲ್ಲಾಸಿನಲ್ಲೋ ದುಬೈಯಲ್ಲೋ ಕೂತಿರುವಾಗ ಬೆಂಗಳೂರಿನ ನೋಟರಿ ‘ನನ್ನ ಮುಂದೆ ಸಹಿ ಮಾಡಿದರು’ ಎಂದು ಬರೆದರೆ ಅದು ಸುಳ್ಳು. ವಿಡಿಯೊ ಕರೆಯಲ್ಲಿ ಮುಖ ತೋರಿಸಿದರೂ ಅಷ್ಟೇ, ನಮ್ಮ ನೋಟರಿ ನಿಯಮಗಳಲ್ಲಿ ಅಂಥ ಕ್ರಮವಿಲ್ಲ. ಭಾವ ಒಳ್ಳೆಯವರೇ ಇರಬಹುದು. ನಾಳೆ ಜಗಳವಾದಾಗ ನಿಮ್ಮ ಪಾಸ್‌ಪೋರ್ಟಿನ ಮುದ್ರೆಗಳೇ ಆ ಅಧಿಕಾರ ಪತ್ರವನ್ನು ಸುಳ್ಳು ಮಾಡುತ್ತವೆ. ಅದನ್ನು ನಂಬಿ ಸೈಟು ಕೊಂಡವರೂ ನಿಮ್ಮ ಜೊತೆ ಮುಳುಗುತ್ತಾರೆ.

ಸರಿಯಾದ ದಾರಿ ಹೀಗಿದೆ. ಅಲ್ಲಿನ ಭಾರತೀಯ ದೂತಾವಾಸಕ್ಕೆ ಹೋಗಿ ಅಧಿಕಾರಿಯ ಮುಂದೆ ಸಹಿ ಮಾಡಿ. ಅಥವಾ ಅಲ್ಲಿನ ನೋಟರಿಯ ಮುಂದೆ ಸಹಿ ಮಾಡಿ, ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವ ಹೇಗ್ ಒಪ್ಪಂದಕ್ಕೆ ಆ ದೇಶ ಸೇರಿದ್ದರೆ ಅಪೊಸ್ಟಿಲ್ ಎಂಬ ದೃಢೀಕರಣದ ಮುದ್ರೆ ಹಾಕಿಸಿ. ಭಾರತದ ಮಟ್ಟಿಗೆ ಆ ಒಪ್ಪಂದ 2005ರಲ್ಲಿ ಜಾರಿಗೆ ಬಂತು. ಮೂಲ ಕಾಗದ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಅಮೆರಿಕದಲ್ಲಿ ನೋಟರಿ ಎಂದರೆ ಬಹುತೇಕ ವಕೀಲರಲ್ಲ, ಬ್ಯಾಂಕಿನ ಸಿಬ್ಬಂದಿಯೋ ಅಂಚೆ ಅಂಗಡಿಯವರೋ ಆಗಿರಬಹುದು. ಅದನ್ನು ಕಂಡು ಇಲ್ಲೂ ಅದು ಸಣ್ಣ ಕೆಲಸ ಎಂದುಕೊಳ್ಳಬೇಡಿ.

ನೋಟರಿ ಮುಂದೆ ಮದುವೆ, ವಿಚ್ಛೇದನ ಮಾಡಿಸಿಕೊಳ್ಳಬಹುದೇ?

ಆಗುವುದಿಲ್ಲ. ನೋಟರಿ ವಿವಾಹ ನೋಂದಣಾಧಿಕಾರಿಯಲ್ಲ. ಮದುವೆ ಅಥವಾ ವಿಚ್ಛೇದನದ ಪತ್ರಗಳನ್ನು ನೋಟರಿ ಮಾಡುವುದು ಕಾಯ್ದೆಯ ಉಲ್ಲಂಘನೆ, ದುರ್ನಡತೆ ಎಂದು ಕೇಂದ್ರ ಕಾನೂನು ವ್ಯವಹಾರಗಳ ಇಲಾಖೆ 2024ರ ಅಕ್ಟೋಬರಿನಲ್ಲಿ ಸುತ್ತೋಲೆಯನ್ನೇ ಹೊರಡಿಸಿದೆ. ‘ಛಾಪಾ ಕಾಗದದ ಮೇಲೆ ಬರೆದುಕೊಟ್ಟು ಬಿಟ್ಟುಹೋದ’ ಎಂದು ಅಳುತ್ತಾ ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು: ಆ ಕಾಗದದಿಂದ ನಿನ್ನ ಮದುವೆ ಮುರಿದಿಲ್ಲ ತಾಯಿ, ಜೀವನಾಂಶದ ಹಕ್ಕೂ ಹೋಗಿಲ್ಲ.

ನೋಟರಿ ಮಾಡಿಸಿದ ಕ್ರಯಪತ್ರದಿಂದ ಸೈಟು ನನ್ನದಾಗುತ್ತದೆಯೇ?

ಇಲ್ಲ. ಸ್ಥಿರಾಸ್ತಿಯ ಮಾರಾಟಕ್ಕೂ ಹಕ್ಕು ಬಿಟ್ಟುಕೊಡುವುದಕ್ಕೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಜಿಪಿಎ, ಕರಾರು, ವಿಲ್ ಮೂರನ್ನೂ ಸೇರಿಸಿ ಮಾರುವ ರೂಢಿಯಿಂದ ಒಡೆತನ ಬರುವುದಿಲ್ಲ ಎಂದು 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ನಗರದ ಅಂಚಿನ ರೆವಿನ್ಯೂ ಸೈಟುಗಳು ಇಂದಿಗೂ ನೋಟರಿ ಕಾಗದದ ಮೇಲೆ ಕೈ ಬದಲಾಗುತ್ತಿವೆ. ಇದರಿಂದ ಹಕ್ಕು ಬರುವುದಿಲ್ಲ ಎಂದು ಗೊತ್ತಿದ್ದೂ ಕೊಳ್ಳುವವರಿಗೆ ಒಂದು ಮಾತು ಹೇಳದೆ ಸೀಲು ಒತ್ತುವ ವಕೀಲರು ತಮ್ಮ ಕರಿಕೋಟಿಗೆ ಮರ್ಯಾದೆ ತರುತ್ತಿಲ್ಲ.

ಸುಳ್ಳು ನೋಟರಿ ಎಂದು ತೋರಿಸಲು ಯಾವ ಸಾಕ್ಷಿ ಗಟ್ಟಿ?

ಆ ದಿನ ನೀವು ಬೇರೆಲ್ಲೋ ಇದ್ದಿರಿ ಎಂದು ಹೇಳುವ ಮೂರನೆಯವರ ದಾಖಲೆ. ಆಸ್ಪತ್ರೆಯ ದಾಖಲಾತಿ, ಪಾಸ್‌ಪೋರ್ಟಿನ ವಲಸೆ ಮುದ್ರೆ, ಕಚೇರಿಯ ಹಾಜರಿ. ಸಹಿ ಮಾಡಿದರು ಎನ್ನಲಾದವರು ಆ ತಾರೀಕಿಗೆ ಮೊದಲೇ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ.

ಕಾಗದವನ್ನೂ ಗಮನವಿಟ್ಟು ನೋಡಿ. ಇ-ಸ್ಟ್ಯಾಂಪ್ ಪಡೆದ ತಾರೀಕು ನೋಟರಿ ತಾರೀಕಿನ ನಂತರದ್ದಾಗಿದೆಯೇ? ಹಾಗಿದ್ದರೆ ಹಿಂದಿನ ತಾರೀಕು ಹಾಕಿದ್ದಾರೆ. ನಿಯಮದ ಪ್ರಕಾರ ಸೀಲು 5 ಸೆಂಟಿಮೀಟರ್ ವ್ಯಾಸದ ವೃತ್ತ. ಹೆಸರು, ಪ್ರದೇಶ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರ ಎಲ್ಲವೂ ಅದರಲ್ಲಿರಬೇಕು. ರಿಜಿಸ್ಟರಿನ ಕ್ರಮಸಂಖ್ಯೆ ಕಾಗದದ ಮೇಲೆ ಇದೆಯೇ? ಇದ್ದರೆ ಅದರ ಹಿಂದಿನ, ಮುಂದಿನ ನಮೂದುಗಳ ತಾರೀಕು ಏನು? ಎರಡು ಸಂಖ್ಯೆಗಳ ನಡುವೆ ‘ಎ’ ಎಂದು ಹೊಸ ಸಾಲು ನುಗ್ಗಿಸಿದ್ದರೆ ಅದು ತಾನೇ ಮಾತಾಡುತ್ತದೆ.

ಸಮಿತಿಯ ಮುಂದೆ ಸಾಬೀತು ಮಾಡುವುದು ಸುಲಭವಲ್ಲ. ಒಬ್ಬರ ಸನ್ನದು ಹೋಗುವ ವಿಷಯ, ಸಂಶಯ ಸಾಲುವುದಿಲ್ಲ.

ದೂರು ಗೆದ್ದರೆ ನನ್ನ ಆಸ್ತಿ ವಾಪಸ್ ಬರುತ್ತದೆಯೇ?

ಬರುವುದಿಲ್ಲ. ಶಿಸ್ತು ಕ್ರಮ ವಕೀಲರ ಬಗ್ಗೆ, ಆಸ್ತಿಯ ಬಗ್ಗೆ ಅಲ್ಲ. ಖೋಟಾ ದಾಖಲೆ ರದ್ದು ಮಾಡಿಸಲು ಸಿವಿಲ್ ದಾವೆ ಹಾಕಬೇಕು. ವಿಷಯ ನಿಮಗೆ ತಿಳಿದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಪರಿಷತ್ತಿನ ತೀರ್ಮಾನ ಬರಲಿ ಎಂದು ಕಾಯುತ್ತಾ ಈ ಮೂರು ವರ್ಷ ಕಳೆದುಕೊಂಡವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಿಕೊಳ್ಳಬೇಡಿ.

ದೂರು ಕೊಟ್ಟ ಮೇಲೆ ಹಣ ಕೊಡುತ್ತೇವೆ, ವಾಪಸ್ ತಗೊಳ್ಳಿ ಎನ್ನುತ್ತಿದ್ದಾರೆ.

ನಿಮ್ಮ ನಷ್ಟದ ಬಗ್ಗೆ ರಾಜಿಯಾಗುವುದು ನಿಮಗೆ ಬಿಟ್ಟದ್ದು. ಆದರೆ ದೂರುದಾರರು ಹಿಂದೆ ಸರಿದರು ಅಥವಾ ರಾಜಿಯಾಯಿತು ಎಂಬ ಒಂದೇ ಕಾರಣಕ್ಕೆ ಶಿಸ್ತು ವಿಚಾರಣೆ ನಿಲ್ಲುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೀಗಿದೆ.

ನೋಟರಿ ಕೇಳಿದಷ್ಟು ಹಣ ಕೊಡಬೇಕೇ?

ಶುಲ್ಕವನ್ನು ನಿಯಮದಲ್ಲೇ ಗೊತ್ತುಪಡಿಸಿದ್ದಾರೆ. ದರಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ಕಾಣುವಂತೆ ಹಾಕಬೇಕು, ಪಡೆದ ಹಣಕ್ಕೆ ರಸೀದಿ ಕೊಡಬೇಕು. ರಸೀದಿ ಕೇಳಿ ಪಡೆಯಿರಿ, ಮುಂದೆ ಅದೂ ಒಂದು ಸಾಕ್ಷಿ.

ನಾನು ಹೊಸದಾಗಿ ವಕೀಲಿಗೆ ಬಂದವಳು. ನಮ್ಮ ಸೀನಿಯರ್ ಖಾಲಿ ಹಾಳೆಗಳಿಗೆ ಸೀಲು, ಸಹಿ ಹಾಕಿಟ್ಟು ಹೋಗುತ್ತಾರೆ. ಬಂದವರಿಗೆ ಕೊಟ್ಟುಬಿಡು ಎನ್ನುತ್ತಾರೆ. ಏನು ಮಾಡಲಿ?

ಕೊಡಬೇಡಮ್ಮ. ಆ ಹಾಳೆಯ ಮೇಲೆ ನಿನ್ನ ಸಹಿ ಇಲ್ಲದಿರಬಹುದು. ಆದರೆ ಗುರುತಿಸಿದವರ ಜಾಗದಲ್ಲಿ ಯಾವತ್ತೋ ಒಂದು ದಿನ ನಿನ್ನ ಸಹಿಯನ್ನೇ ಕೇಳುತ್ತಾರೆ, ಆಗ ಸಿಕ್ಕಿಹಾಕಿಕೊಳ್ಳುವವಳು ನೀನು. ಸೀನಿಯರ್‌ಗೆ ಎದುರು ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು, ನಾನೂ ಆ ಮೂಲೆಯ ಕುರ್ಚಿಯಲ್ಲಿ ಕೂತವನು. ಜಗಳ ಮಾಡಬೇಕಿಲ್ಲ. ‘ಸಾರ್, ಪಾರ್ಟಿ ಬಂದಿದ್ದಾರೆ, ನೀವು ಬರುವ ತನಕ ಕೂರಿಸಿರುತ್ತೇನೆ’ ಎಂದು ಫೋನ್ ಮಾಡಿ ಹೇಳು. ಬಂದವರಿಗೆ ನೀರು ಕೊಟ್ಟು ಕೂರಿಸು, ಮೂಲ ಗುರುತಿನ ಚೀಟಿ ತೆಗೆದಿಟ್ಟುಕೊಳ್ಳಲು ಹೇಳು, ಕಾಗದದಲ್ಲಿ ಏನಿದೆ ಎಂದು ಓದಿ ಹೇಳು. ಸೀನಿಯರ್ ಬಂದ ಮೇಲೆ ರಿಜಿಸ್ಟರ್ ತೆರೆದು ಅವರ ಮುಂದಿಡು. ಇಷ್ಟಾದ ಮೇಲೂ ಅವರು ಆ ಖಾಲಿ ಹಾಳೆಗಳನ್ನೇ ಕೈಗೆ ತುರುಕಿದರೆ ಬೇರೆ ಕಚೇರಿ ನೋಡಿಕೋ.